ಅರಿಸಿನ ಹಚ್ಚದ ಕೂಸು

ಮಕ್ಕಳೇ, ಈ ಕತೆಯನ್ನು ಎದುರುಮನೆ ಅಜ್ಜಿ ನಿಮಗೆ ಬೇರೆ ಥರ ಹೇಳಿರುತ್ತಾಳೆ. ನಿಮ್ಮಜ್ಜಿಗೆ ಆವತ್ತು ತಲೆ ಕೆಟ್ಟಿತ್ತು, ಹಸೀ ಬಾಣಂತಿಯನ್ನು ಬಸ್ಸಿಗೆ ಹತ್ತಿಸಿದಳು ಅಂತ. ಹತ್ತಿಸಿದ್ದು ನಿಜ. ತಲೆ ಮಾತ್ರ ಸರಿಯಾಗಿಯೇ ಇತ್ತು. ನಾನು ಪಣಕಹಳ್ಳಿ ಸ್ಕೂಲಲ್ಲಿ ಐದನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನ ಕೂತ ಕಡೆ ನನಗೆ ಮಾತು ಬರುವುದಿಲ್ಲ. ಕಾಗದದ ಮುಂದೆ ಆ ಭಯ ಇಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ.

ಮೊದಲು ನಿಮ್ಮ ದೊಡ್ಡವ್ವನ ವಿಷಯ. ನಿಮ್ಮವ್ವನಿಗೆ ಅಕ್ಕ, ನನ್ನ ಚೊಚ್ಚಲ ಮಗಳು. ಇದನ್ನು ಬರೆಯುವಾಗಲೂ ಅವಳು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ. ಅವಳ ಕೈಕಾಲು ತಮ್ಮಷ್ಟಕ್ಕೆ ತಿರುಚಿಕೊಳ್ಳುವುದನ್ನು ನೀವು ದಿನಾ ನೋಡುತ್ತೀರಿ. ಕಿವಿ ಕೇಳಿಸುವುದಿಲ್ಲ. ಕಣ್ಣು ಮೇಲಕ್ಕೆ ಏಳುವುದಿಲ್ಲ. ಹುಣಸೆಮರದ ಮೇಲೆ ನವಿಲು ಕೂತರೆ ಇಡೀ ತಲೆಯನ್ನೇ ಹಿಂದಕ್ಕೆ ಚೆಲ್ಲಿ ನೋಡಬೇಕು. ಬೀದಿಯವರು ಪೆದ್ದಿ ಅನ್ನುತ್ತಾರೆ. ಪೆದ್ದಿಯಲ್ಲ. ನಾನು ಹುರುಳಿ ಆರಿಸುವಾಗ ಮೊರದಲ್ಲಿ ಒಂದು ಕಲ್ಲು ಉಳಿದರೂ ಮೊಣಕೈಯಿಂದ ನನ್ನನ್ನು ತಟ್ಟಿ ತೋರಿಸುವವಳು ಅವಳೇ. ಬುದ್ಧಿ ಎಲ್ಲ ಇದೆ, ಮೈ ಮಾತ್ರ ಅವಳು ಹೇಳಿದ ಹಾಗೆ ಕೇಳುವುದಿಲ್ಲ. ಪೆದ್ದಿ ಅಂದವರ ಮುಂದೆ ನೀವು ಈ ಮಾತು ಗಟ್ಟಿಯಾಗಿ ಹೇಳಬೇಕು. ನಾನು ಬಹಳ ವರ್ಷ ಹೇಳದೆ ಇದ್ದೆ.

ಅವಳು ಹುಟ್ಟಿದ್ದು ಇದೇ ಮನೆಯಲ್ಲಿ, ಒಳಗಿನ ಸಣ್ಣ ಕೋಣೆಯಲ್ಲಿ. ನನ್ನ ತಾಯಿ ಆಗಲೇ ಇರಲಿಲ್ಲ, ಹಾಗಾಗಿ ಚೊಚ್ಚಲ ಹೆರಿಗೆಗೂ ಹೋಗಲು ತವರು ಅಂತ ಇರಲಿಲ್ಲ. ನಿಮ್ಮ ತಾತನ ಅಕ್ಕನೇ, ಅಂದರೆ ಎದುರುಮನೆ ಅಜ್ಜಿಯೇ, ಎಲ್ಲ ನೋಡಿಕೊಂಡಳು. ಅವಳನ್ನು ಇದೇ ಬೀದಿಗೆ ಕೊಟ್ಟಿದ್ದರು. ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕುವ ಕೈ ಅವಳದು. ನನಗೆ ಅವಳು ಅತ್ತಿಗೆ.

ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕುತ್ತಿದ್ದರು. ಗಾಳಿ ಹೊಡೆಯಬಾರದು, ಕಣ್ಣು ಬೀಳಬಾರದು ಅಂತ. ಹನ್ನೊಂದು ದಿನ ಒಳಗೆ ಒಂದು ಹರಳೆಣ್ಣೆ ದೀಪ, ಸಾಂಬ್ರಾಣಿ ಹೊಗೆ, ಅಷ್ಟೇ. ಕೂಸಿಗೆ ದಿನಾ ಎಣ್ಣೆ ತಿಕ್ಕಿ, ಅದರ ಮೇಲೆ ಅರಿಸಿನ ಬಳಿದು, ಬಿಸಿನೀರು ಹಾಕುವುದು. ಅರಿಸಿನ ನಮ್ಮ ಹೊಲದ್ದೇ, ಬೇಯಿಸಿ ಒಣಗಿಸಿದ ಕೊಂಬು. ಅದನ್ನು ತೇಯುವುದಕ್ಕೆ ಅತ್ತಿಗೆಗೆ ಬೇಸರವೇ ಇರಲಿಲ್ಲ. ಕೂಸು ದೀಪದ ಬೆಳಕಲ್ಲಿ ಮಿನುಗುತ್ತಿತ್ತು. "ಚಿನ್ನದ ಗೊಂಬೆ ಕಣಮ್ಮಿ" ಅನ್ನುತ್ತಿದ್ದಳು.

ಮೂರನೇ ದಿನ ಕೂಸು ಎದೆ ಕಚ್ಚಲಿಲ್ಲ. ಒದ್ದೆ ಬಟ್ಟೆಯ ಹಾಗೆ ಕೈಮೇಲೆ ಜೋತು ಮಲಗುತ್ತಿತ್ತು. ಆಮೇಲೆ ಕೀರಲು ದನಿಯಲ್ಲಿ ಅಳತೊಡಗಿತು, ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿತು. ಗಾಳಿ ಸೋಕಿದೆ ಅಂತ ಯಾರೋ ಬಳೆಚೂರು ಕಾಯಿಸಿ ಹೊಕ್ಕುಳ ಪಕ್ಕ ಬರೆ ಎಳೆದರು. ದೊಡ್ಡವ್ವನ ಹೊಟ್ಟೆಯ ಮೇಲಿನ ಎರಡು ಗುರುತು ಅವೇ. ಹನ್ನೊಂದನೇ ದಿನ ಕೂಸನ್ನು ಹೊರಗೆ ತಂದಾಗ ಅಂಗಾಲೂ ಹಳದಿ, ಕಣ್ಣೂ ಹಳದಿ. ಅರಿಸಿನ ಚೆನ್ನಾಗಿ ಹತ್ತಿದೆ ಅಂದರು. ಕಣ್ಣೊಳಗೆ ಅರಿಸಿನ ಯಾರು ಹಚ್ಚಿದರು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ವರ್ಷವಾದರೂ ಕೂಸು ಕೂರಲಿಲ್ಲ ಅಂದಾಗ ನನ್ನ ಮೇಲೆ ಮಾತು ಹುಟ್ಟಿದವು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಬಸುರಿನಲ್ಲಿ ಏನೋ ತಿಂದಳು, ಅವಳ ತಾಯಿ ಮನೆ ಕಡೆಯ ಶಾಪ. ಎಲ್ಲವನ್ನೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಹತ್ತು ವರ್ಷ ಕಳೆದ ಮೇಲೆ ಮಗಳಿಗೆ ಜ್ವರ ಬಂದು ಚಾಮರಾಜನಗರದ ಕಡೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಡಾಕ್ಟ್ರಮ್ಮ ಅವಳ ಕೈ, ಕಣ್ಣು, ಹಲ್ಲು ನೋಡಿ, "ಹುಟ್ಟಿದ ವಾರದಲ್ಲಿ ಮೈ ಹಳದಿ ಆಗಿತ್ತಾ?" ಅಂತ ಕೇಳಿದರು.

"ಅರಿಸಿನ ಹಚ್ಚಿದ್ವಿ, ಗೊತ್ತಾಗ್ನಿಲ್ಲ" ಅಂದೆ.

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು: ಹುಟ್ಟಿದ ಕೂಸಿನ ರಕ್ತದಲ್ಲಿ ಹಳೆಯ ಕಣಗಳು ಒಡೆದು ಹಳದಿಯೊಂದು ಹೊರಗೆ ಬರುತ್ತದೆ. ಅದನ್ನು ತೊಳೆದು ಹಾಕುವಷ್ಟು ಈಲಿ, ಅಂದರೆ ಲಿವರು, ಇನ್ನೂ ಬಲಿತಿರುವುದಿಲ್ಲ. ತುಂಬ ಕೂಸುಗಳಿಗೆ ಈ ಕಾಮಾಲೆ ಬಂದು ವಾರದಲ್ಲಿ ತಾನೇ ಹೋಗುತ್ತದೆ. ಕೆಲವರಿಗೆ ಮಾತ್ರ ಬೇಗ ಏರಿ ಮೆದುಳಿಗೆ ಇಳಿಯುತ್ತದೆ. ಅಲ್ಲಿ ಕೆಡಿಸಿದ್ದನ್ನು ಯಾವ ಮದ್ದೂ ವಾಪಸು ತರುವುದಿಲ್ಲ. ಅದಕ್ಕೆ ಮುಂಚೆ ಕಂಡುಹಿಡಿದರೆ ಬೆಳಕಿನಡಿ ಮಲಗಿಸಿ ಇಳಿಸಬಹುದು, ಬಹಳ ಏರಿದ್ದರೆ ರಕ್ತ ಬದಲಿಸಿ ಉಳಿಸಬಹುದು. ಕಂಡುಹಿಡಿಯುವುದು ಕಷ್ಟವಲ್ಲ ಅಂತ ನನ್ನ ಹೆಬ್ಬೆರಳನ್ನು ಹಿಡಿದು ತಮ್ಮ ಅಂಗೈ ಮೇಲೆ ಒತ್ತಿಸಿದರು. "ಹಗಲು ಬೆಳಕಲ್ಲಿ ಕೂಸಿನ ಮೂಗಿನ ಮೇಲೆ ಹೀಗೆ ಒತ್ತಿ ಬಿಡಬೇಕು. ಒತ್ತಿದ ಕಡೆ ರಕ್ತ ಸರಿಯುತ್ತದೆ, ಆಗ ಚರ್ಮದ ನಿಜವಾದ ಬಣ್ಣ ಕಾಣುತ್ತದೆ. ಹಳದಿ ಮುಖದಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಕಾಲಿಗೆ ಬರುವವರೆಗೆ ಕಾಯಬಾರದು."

ಮಗಳ ಕೈಕಾಲಿಗೆ ವ್ಯಾಯಾಮ ಮಾಡಿಸುವುದನ್ನೂ ಅವರೇ ಕಲಿಸಿದರು. ಈಗ ಅವಳು ಗೋಡೆಗೆ ಒರಗಿ ಕೂರುವುದು, ತಟ್ಟೆಯಿಂದ ಮುದ್ದೆ ಎತ್ತಿಕೊಳ್ಳುವುದು ಆ ವ್ಯಾಯಾಮದಿಂದ. ನಾನು ಮನೆಗೆ ಬಂದು ವ್ಯಾಯಾಮದ ಮಾತು ಹೇಳಿದೆ, ಹಳದಿಯ ಮಾತು ಹೇಳಲಿಲ್ಲ. ನಿಮ್ಮ ತಾತನಿಗೂ ಹೇಳಲಿಲ್ಲ. ಹೇಳಿದರೆ ಅವರಕ್ಕನ ಮೇಲೆ ದೂರು ಹೇಳಿದ ಹಾಗಾಗುತ್ತದೆ ಅಂತ ಹೆದರಿದೆ. ಅದಾದ ಮೇಲೂ ಬೀದಿಯಲ್ಲಿ ಎಷ್ಟೋ ಕೂಸು ಹುಟ್ಟಿದವು, ಎಷ್ಟೋ ಕಿಟಕಿಗೆ ಗೋಣಿ ಬಿತ್ತು. ನಾನು ಸುಮ್ಮನಿದ್ದೆ. ನನ್ನ ಬದುಕಿನಲ್ಲಿ ನಾಚಿಕೆಪಡಬೇಕಾದ್ದು ಅದೊಂದೇ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಿಮ್ಮ ತಾತ ತೀರಿಕೊಂಡು ಎರಡು ವರ್ಷ. ನಿಮ್ಮವ್ವ ಗೆಟ್ಟವಾಡಿಯಿಂದ ಚೊಚ್ಚಲ ಹೆರಿಗೆಗೆ ಬಂದಳು. ನಿಮ್ಮಲ್ಲಿ ಹಿರಿಯವಳು, ಈಗ ಸೈಕಲ್ಲಲ್ಲಿ ಸ್ಕೂಲಿಗೆ ಹೋಗುವವಳು, ತಾಳವಾಡಿ ಆಸ್ಪತ್ರೆಯಲ್ಲಿ ಹುಟ್ಟಿದಳು. ಭೂಮಿಗೆ ಬೀಳುತ್ತಲೇ ಚೆನ್ನಾಗಿ ಅತ್ತಳು. ಮಾರನೇ ದಿನ ಮಧ್ಯಾಹ್ನ ಮನೆಗೆ ಕರೆತಂದೆವು.

ಕೋಣೆ ಸಿದ್ಧವಾಗಿತ್ತು. ಅತ್ತಿಗೆ ಬೆಳಗ್ಗೆಯೇ ಬಂದು ಕಿಟಕಿಗೆ ಗೋಣಿ ತುರುಕಿ, ದೀಪ ಹಚ್ಚಿ, ಬಟ್ಟಲ ತುಂಬ ಅರಿಸಿನ ತೇಯ್ದಿಟ್ಟಿದ್ದಳು. ಕೂಸನ್ನು ನೋಡಲು ಬೀದಿಯ ಮೂರು ನಾಲ್ಕು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ನಾನು ಒಳಗೆ ಹೋಗಿ ಗೋಣಿಯನ್ನು ಎಳೆದು ಹಾಕಿದೆ. ಧೂಳಿನ ಜೊತೆ ಬೆಳಕು ಒಳಗೆ ಬಿತ್ತು.

"ಏನಮ್ಮಿ ಮಾಡ್ತಿದ್ದೀಯ? ಮೊಗೀಗೆ ಗಾಳಿ ವೊಡೀತದೆ!"

"ಬೆಳಕು ಬೇಕು ಅತ್ಗೆ. ಕೂಸಿನ ಬಣ್ಣ ನೋಡ್ಬೇಕು."

"ಬಣ್ಣ ನೋಡಕೆ ಏನು, ಸೀರೆ ತಗೀತಿದ್ದೀಯಾ?"

ಬಾಗಿಲಲ್ಲಿದ್ದವರು ನಕ್ಕರು. ಅತ್ತಿಗೆ ಬಟ್ಟಲಿಗೆ ಕೈ ಹಾಕಿದಳು.

"ಅರಿಸಿನ ಬ್ಯಾಡ ಅತ್ಗೆ" ಅಂದೆ.

"ಏನಂದೆ?"

"ಕೂಸಿಗೆ ಅರಿಸಿನ ಅಚ್ಬ್ಯಾಡಿ."

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಿನ್ ಕೆನ್ನೇಲಿ ಅರಿಸಿನ ಇಲ್ಲ ಅಂತ ಮೊಮ್ಮಗೀಗೂ ಬ್ಯಾಡ್ವಾ?" ಅಂದಳು.

ಯಾರೂ ನಗಲಿಲ್ಲ. ಗಂಡ ಸತ್ತವಳು ಬಾಣಂತಿ ಕೋಣೆಯಲ್ಲಿ ನಿಂತಿದ್ದೇ ಹೆಚ್ಚು ಅಂತ ಅವರೆಲ್ಲರ ಮುಖದಲ್ಲಿ ಇತ್ತು. ಹಿಂದಿನ ನಾನಾಗಿದ್ದರೆ ಅಡುಗೆಮನೆಗೆ ಹೋಗಿ ಒಲೆ ಊದುತ್ತಾ ಅಳುತ್ತಿದ್ದೆ. ಆವತ್ತು ಕಾಲು ಆ ಕಡೆ ಹೋಗಲಿಲ್ಲ.

"ಊಂ ಅತ್ಗೆ. ನನಗೂ ಇಲ್ಲ, ಅವಳಿಗೂ ಬ್ಯಾಡ" ಅಂದೆ. ಬಟ್ಟಲನ್ನು ಅವಳ ಕೈಯಿಂದ ತಗೊಂಡು ಹಿತ್ತಿಲಿಗೆ ಹೋಗಿ ತಿಪ್ಪೆಗೆ ಸುರಿದೆ. ಅರಿಸಿನವನ್ನು ತಿಪ್ಪೆಗೆ ಸುರಿದವಳು ಅಂತ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ವಾಪಸು ಬಂದು ಕೂಸನ್ನು ಕಿಟಕಿಯ ಹತ್ತಿರ ಹಿಡಿದೆ. ಮೂಗಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟೆ. ಒತ್ತಿದ ಜಾಗ ಬೆಳ್ಳಗಾಗಬೇಕಿತ್ತು. ಮಾಗುತ್ತಿರುವ ನಿಂಬೆಹಣ್ಣಿನ ಬಣ್ಣ ಕಂಡಿತು. ಎದೆಯ ಮೇಲೆ ಒತ್ತಿದೆ, ಅಲ್ಲಿ ಇನ್ನೂ ಇರಲಿಲ್ಲ.

ಹಾಲು ಹೆಚ್ಚು ಕುಡಿಸಬೇಕು ಅಂತ ಗೊತ್ತಿತ್ತು. ನಿಮ್ಮವ್ವನಿಗೆ ಮೊದಲ ಗಟ್ಟಿ ಹಾಲನ್ನು ಚೆಲ್ಲಲು ಬಿಡಲಿಲ್ಲ, ಸಕ್ಕರೆ ನೀರು ಕೊಡಲೂ ಬಿಡಲಿಲ್ಲ. ಎರಡು ಗಂಟೆಗೊಮ್ಮೆ ಅಂಗಾಲು ಉಜ್ಜಿ ಎಬ್ಬಿಸಿ ಎದೆಗೆ ಹಾಕಿಸಿದೆ. ಆದರೂ ಮಾರನೇ ಬೆಳಗ್ಗೆ ಕಿಟಕಿಯಲ್ಲಿ ನೋಡಿದರೆ ಹಳದಿ ಎದೆ ದಾಟಿ ಹೊಟ್ಟೆಗೆ ಇಳಿದಿತ್ತು. ಕೂಸು ಎರಡು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಆ ನಿದ್ದೆಯ ಗುರುತು ನನಗಿತ್ತು. ಊರಿಗೆ ಬರುವ ನರ್ಸಮ್ಮನನ್ನು ಕರೆಸಿದೆ. ಅವರು ಕೂಸಿನ ತೊಡೆಯ ಮೇಲೆ ಒತ್ತಿ ನೋಡಿ, "ಬೆಳಗಿನ ಬಸ್ಸಿಗೇ ಹೊರಡಿ, ದೊಡ್ಡ ಆಸ್ಪತ್ರೆಗೆ" ಅಂದು ಚೀಟಿ ಬರೆದರು.

ಅತ್ತಿಗೆ ಹೊಸ್ತಿಲಿಗೆ ಅಡ್ಡ ನಿಂತಳು.

"ಬೆಳ್ಬೆಳಗ್ಗೆ ಎಳೆಬಿಸಿಲಿಗೆ ಇಟ್ರೆ ಓಯ್ತದೆ. ಪುರುಡು ಕಳೀದೆ ಬಾಣ್ತೀನ ಒಸ್ಲು ದಾಟಿಸ್ತೀಯಾ? ಅಮ್ಮನ್ ಗುಡಿ ಮುಂದ್ಲಿಂದ ಓಗ್ಬೇಕು ಬಸ್ಸಿಗೆ, ಗ್ಯಾನ ಅದಾ?"

"ಗುಡೀಲಿರೋಳೂ ಎಣ್ಮಗಳೇ ಅಲ್ವಾ ಅತ್ಗೆ. ಅವಳಿಗೆ ಗೊತ್ತಾಯ್ತದೆ ಬುಡಿ."

"ಮಾತು ಕಲ್ತ್‌ಬುಟ್ಟೆ ಕಣಮ್ಮಿ! ನಾನು ಈ ಬೀದೀಲಿ ಎಷ್ಟು ಕೂಸಿಗೆ ನೀರು ಆಕಿದ್ದೀನಿ, ಎಲ್ಲಾವೂ ಒಲ ಉಳ್ತಾ ಇಲ್ವಾ?"

ನನ್ನ ಕಣ್ಣು ದೊಡ್ಡವ್ವ ಕೂತಿದ್ದ ಜಗಲಿಯ ಕಡೆ ಹೋಯಿತು. ಅದನ್ನು ಅವಳು ನೋಡಿದಳು. ಅವಳ ದನಿ ಒಮ್ಮೆಗೇ ಇಳಿಯಿತು.

"ಅಂಗಾದ್ರೆ ಆವತ್ತು ನಾನೇ ಕೆಡಿಸ್ದೆ ಅಂತೀಯಾ? ಈ ಕೈಲಿ?"

ಎರಡೂ ಅಂಗೈಯನ್ನು ನನ್ನ ಮುಂದೆ ಚಾಚಿದ್ದಳು. ಗೆರೆಗಳಲ್ಲಿ ನೆನ್ನೆಯ ಅರಿಸಿನ ಇನ್ನೂ ಹಾಗೇ ಇತ್ತು. ಹಿಂದಿನ ದಿನದಿಂದ ಅವಳು ಅಷ್ಟು ಕೂಗಾಡಿದ್ದು ಯಾವುದಕ್ಕೆ ಅಂತ ನನಗೆ ಆಗ ತಿಳಿಯಿತು. ಈ ಕೂಸಿಗೆ ಅರಿಸಿನ ಬೇಡ ಅಂದರೆ ಆ ಕೂಸಿಗೆ ಹಚ್ಚಿದ್ದು ತಪ್ಪು ಅಂದ ಹಾಗೆ. ದೊಡ್ಡವ್ವನಿಗೆ ನಾನು ಹೊಲಕ್ಕೆ ಹೋದಾಗಲೆಲ್ಲ ಉಣ್ಣಿಸಿ, ತೊಳೆದು, ಒರೆಸಿದ ಕೈಯೂ ಅದೇ.

ಅನುಕೂಲಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನೀವು ಕೆಡಿಸ್ನಿಲ್ಲ ಅತ್ಗೆ. ಅರಿಸಿನಾನೂ ಕೆಡಿಸ್ನಿಲ್ಲ. ಕಾಮಾಲೆ ಬಂದಿತ್ತು, ಅರಿಸಿನ ಅದನ್ನ ಮುಚ್ತು, ಕತ್ಲೆ ಮುಚ್ತು. ನಾವ್ಯಾರೂ ನೋಡ್ನಿಲ್ಲ. ಈಗ ನಾನು ನೋಡಿದ್ದೀನಿ. ನೋಡಿಯೂ ಸುಮ್ಕೆ ಕೂತ್ರೆ, ಆಗ ಕೆಡಿಸ್ದೋಳು ನಾನೇ."

ನಿಮ್ಮವ್ವ ಕೂಸನ್ನು ಎದೆಗೊತ್ತಿಕೊಂಡು ನನ್ನ ಹಿಂದೆ ನಿಂತಿದ್ದಳು. ಅವಳಿಗೂ ಹೆದರಿಕೆ, ಹೊಟ್ಟೆಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಜಗಲಿಯ ಮೇಲಿದ್ದ ದೊಡ್ಡವ್ವನಿಗೆ ನಮ್ಮ ಮಾತು ಒಂದೂ ಕೇಳಿಸಿರಲಿಲ್ಲ. ಮುಖಗಳನ್ನು ನೋಡುತ್ತಿದ್ದಳು. ತಿರುಚಿದ ಕೈಯನ್ನು ಕಷ್ಟಪಟ್ಟು ನೀಡಿ, ಗಂಟಲಿಂದ ಒಂದು ಶಬ್ದ ಮಾಡಿ, ಕೂಸನ್ನು ತೋರಿಸು ಅಂತ ಕರೆದಳು. ನಿಮ್ಮವ್ವ ಅಕ್ಕನ ಕೈಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಯಾರನ್ನೂ ಕೇಳದೆ, ಸೋದರತ್ತೆಯ ಪಕ್ಕದಲ್ಲಿ ನುಸುಳಿಕೊಂಡು ತಾನೇ ಹೊಸ್ತಿಲು ದಾಟಿದಳು.

ಗುಡಿಯ ಮುಂದೆಯೇ ನಡೆದೆವು. ತಲೆಯ ಮೇಲೆ ಸೆರಗೂ ಹೊದೆಯಲಿಲ್ಲ.

ಬಸ್ಸಿನಲ್ಲಿ ಪಕ್ಕದ ಸೀಟಿನವಳು, "ಎಷ್ಟ್ ದಿನದ ಮೊಗ ಕನವ್ವ?" ಅಂದಳು. ಮೂರನೇ ದಿನ ಅಂದೆ. "ಮೂರಕ್ಕೇ ಬಸ್ಸಾ! ಈ ಕಾಲದ್ ಕೂಸುಗಳಿಗೆ ಊರು ನೋಡೋ ಆತ್ರ" ಅಂದಳು. ಕಂಡಕ್ಟರು, "ಟಿಕೆಟ್ ಕೇಳ್ತೀನಿ ಅಂತ ಕಣ್ಮುಚ್ಕೊಂಡದೆ ನೋಡಿ" ಅಂತ ನಗಿಸಿ, ಮುಂದಿನ ಸೀಟಿನಲ್ಲಿದ್ದ ಗಂಡಸನ್ನು ಎಬ್ಬಿಸಿ ನಿಮ್ಮವ್ವನನ್ನು ಕೂರಿಸಿದ. ನನಗೆ ನಗು ಬರಲಿಲ್ಲ. ಕೂಸು ಕಣ್ಣು ಮುಚ್ಚಿಕೊಂಡೇ ಇತ್ತು. ತಾಳವಾಡಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅಂಗಾಲು ಉಜ್ಜುತ್ತಾ ಹೋದೆ.

ಚಾಮರಾಜನಗರದ ದೊಡ್ಡ ಆಸ್ಪತ್ರೆಯಲ್ಲಿ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಕೂಸು ಕೈಕಾಲು ಬಡಿದು ಅತ್ತಿತು. ಆ ಅಳುವಿನಲ್ಲಿ ಕೀರಲು ಇರಲಿಲ್ಲ. ಅಷ್ಟು ಸಮಾಧಾನ ಕೊಡುವ ಅಳುವನ್ನು ನಾನು ಹಿಂದೆ ಕೇಳಿರಲಿಲ್ಲ. ಈ ಸಲದ ಡಾಕ್ಟರು ಹುಡುಗ ವಯಸ್ಸಿನವರು. ತಾಯಿಯದು ಓ ಗುಂಪಿನ ರಕ್ತ, ಕೂಸಿನದು ಬಿ, ಎರಡಕ್ಕೂ ಹೊಂದದೆ ಕೂಸಿನ ರಕ್ತದ ಕಣ ಬೇಗ ಬೇಗ ಒಡೆಯುತ್ತಿವೆ ಅಂದರು. ರಕ್ತದಲ್ಲಿ ಹಳದಿಯ ಮಟ್ಟ ಇನ್ನೂ ಸ್ವಲ್ಪ ಏರಿದ್ದರೆ ರಕ್ತ ಬದಲಿಸಲು ಮೈಸೂರಿಗೆ ಕಳಿಸಬೇಕಿತ್ತಂತೆ. "ಬಿಸಿಲಿಗೆ ಇಟ್ಟುಕೊಂಡು ಕೂತಿದ್ದರೆ?" ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಇಷ್ಟು ಏರಿದ್ದಕ್ಕೆ ಬಿಸಿಲು ಸಾಲದು ಅಜ್ಜಿ. ನಾಳೆ ಬಂದಿದ್ದರೆ ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು."

ನೀಲಿ ದೀಪಗಳ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ, ಬರೀ ಮೈಯಲ್ಲಿ ಮಲಗಿಸಿದರು. ಹಾಲಿಗೆ ಮಾತ್ರ ಹೊರಗೆ. ಸಾಯಂಕಾಲದ ಹೊತ್ತಿಗೆ ನಿಮ್ಮಪ್ಪ ಮೊಪೆಡ್ಡಿನಲ್ಲಿ ಬಂದವನು ಗಾಜಿನ ಆಚೆ ನಿಂತು, "ಕಡಲೇಕಾಯಿ ಒಣಗಾಕ್ದಂಗೆ ಆಕ್ಬುಟ್ಟವ್ರಲ್ಲಾ ಅತ್ತೆ" ಅಂದ. ಅಂದವನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆ ಕೋಣೆಯಲ್ಲಿ ಇನ್ನೂ ಎರಡು ಕೂಸು ಇದ್ದವು. ಒಂದು ಹುಟ್ಟಿದಾಗ ಅತ್ತಿರಲಿಲ್ಲ. ನೋವು ಶುರುವಾದ ಮೇಲೂ ಮನೆಯಲ್ಲೇ ಒಂದು ಹಗಲು ಒಂದು ರಾತ್ರಿ ಕಾದಿದ್ದರು. ಮೆದುಳಿಗೆ ಉಸಿರು ಸಾಲದೆ ಈಗ ಫಿಟ್ಸು. ಇನ್ನೊಂದಕ್ಕೆ ಒಳ್ಳೆ ಗಳಿಗೆ ನೋಡಿ ಹಾಲು ಕೊಡಬೇಕು ಅಂತ ಎರಡು ದಿನ ಬರೀ ನೀರು ನೆಕ್ಕಿಸಿದ್ದರು. ಮೈ ತಣ್ಣಗಾಗಿ, ರಕ್ತದಲ್ಲಿ ಸಕ್ಕರೆ ಇಳಿದು, ಕಣ್ಣು ತೇಲಿಸುತ್ತಾ ಬಂದಿತ್ತು. ಅವುಗಳ ತಾಯಂದಿರೂ ಬಾಗಿಲ ಹಿಂದೆ ನಿಂತ ಹೆಣ್ಣುಮಕ್ಕಳೇ. ನೋವು ತಡೆಯಲಾಗುತ್ತಿಲ್ಲ, ಕೂಸು ಹಸಿದಿದೆ ಅಂತ ಅವರಿಗೆ ಗೊತ್ತಿತ್ತು. ಕೇಳುವವರು ಇರಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮೆದುಳು ಎಷ್ಟು ದಾರಿಯಿಂದ ಕೆಡಬಹುದು ಅಂತ ನಾನು ಅಲ್ಲಿ ಕೂತು ಕಲಿತೆ. ಎಲ್ಲವನ್ನೂ ತಡೆಯಲಾಗದು ಅಂತ ನರ್ಸುಗಳೇ ಹೇಳಿದರು. ಆದರೆ ಬಹಳಷ್ಟು ದಾರಿಯಲ್ಲಿ ಯಾರೋ ಒಬ್ಬರು ಬಾಯಿ ಬಿಡಬೇಕಾದ ಜಾಗ ಒಂದು ಇದ್ದೇ ಇರುತ್ತದೆ.

ಮಾರನೇ ದಿನದ ಪರೀಕ್ಷೆಯಲ್ಲಿ ಮಟ್ಟ ಏರುವುದು ನಿಂತಿತ್ತು. ಅದರ ಮಾರನೇ ದಿನ ಇಳಿಯಿತು. ನಾಲ್ಕನೇ ದಿನ ಕಣ್ಣಿನ ಪಟ್ಟಿ ಬಿಚ್ಚಿ ನಮ್ಮ ಕೈಗೆ ಕೊಟ್ಟರು. ಮೂರು ತಿಂಗಳಿಗೆ ಕಿವಿ ಪರೀಕ್ಷೆಗೆ ಕರೆತನ್ನಿ ಅಂದರು.

ಮನೆಗೆ ಬಂದರೆ ದೊಡ್ಡವ್ವನಿಗೆ ತಲೆ ಬಾಚಿ, ಒಗೆದ ಸೀರೆ ಉಡಿಸಿ ಜಗಲಿಯ ಮೇಲೆ ಕೂರಿಸಿತ್ತು. ಅಷ್ಟು ದಿನವೂ ಅತ್ತಿಗೆ ನಮ್ಮ ಮನೆಯಲ್ಲೇ ಇದ್ದಳು. ನಮ್ಮನ್ನು ಕಂಡ ಕೂಡಲೇ ಎದ್ದು, ಕೂಸಿನ ಮುಖವನ್ನೂ ನೋಡದೆ, ಬೀದಿ ದಾಟಿ ತನ್ನ ಮನೆಗೆ ಹೋದಳು. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಹನ್ನೊಂದರ ಶಾಸ್ತ್ರಕ್ಕೂ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಅರಿಸಿನದ ಮಾತಿಗೆ ಅವಳು ತಪ್ಪಾಯಿತು ಅನ್ನಲಿಲ್ಲ, ತಿಪ್ಪೆಗೆ ಸುರಿದದ್ದಕ್ಕೆ ನಾನೂ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ಕಿವಿ ಸರಿಯಿದೆ ಅಂದರು. ಆದರೆ ನನಗೆ ಧೈರ್ಯ ಬಂದಿದ್ದು ಅದಕ್ಕೂ ಸ್ವಲ್ಪ ದಿನದ ಮೇಲೆ. ದೊಡ್ಡವ್ವನ ಪಕ್ಕ ಚಾಪೆಯ ಮೇಲೆ ಕೂಸನ್ನು ಮಲಗಿಸಿದ್ದೆ. ಹುಣಸೆಮರದಲ್ಲಿ ನವಿಲು ಕೂಗಿತು. ಕೂಸು ಕಣ್ಣನ್ನು ಮೇಲಕ್ಕೆತ್ತಿತು. ತಲೆ ಕದಲಲಿಲ್ಲ, ಕಣ್ಣಷ್ಟೇ ಹೋಯಿತು, ಕೊಂಬೆಯವರೆಗೆ. ದೊಡ್ಡವ್ವ ಕೂಸಿನ ಕಣ್ಣನ್ನೇ ನೋಡುತ್ತಿದ್ದವಳು ಮೊಣಕೈಯಿಂದ ನನ್ನನ್ನು ತಟ್ಟಿದಳು. ನೋಡಿದೆ ಕಣೇ, ನೋಡಿದೆ ಅಂತ ನಾನು ಅವಳ ಕೈ ಹಿಡಿದುಕೊಂಡು ಕೂತುಬಿಟ್ಟೆ.

ರಾಗಿ ಕೊಯ್ಲಿನ ಹೊತ್ತಿಗೆ ಬೀದಿಯ ಕೊನೆಯ ಮನೆಯಲ್ಲಿ ಒಂದು ಹೆರಿಗೆ ಆಯಿತು. ಎರಡನೇ ದಿನ ಅತ್ತಿಗೆ ತಾನೇ ನಮ್ಮ ಅಂಗಳಕ್ಕೆ ಬಂದು ನಿಂತಳು. ನನ್ನ ಮುಖ ನೋಡದೆ, ದನದ ಕೊಟ್ಟಿಗೆಗೆ ಹೇಳುವ ಹಾಗೆ ಹೇಳಿದಳು:

"ನನ್ ಕಣ್ಣು ಈಗೀಗ ಸರ್ಯಾಗಿ ಕಾಣಕಿಲ್ಲ. ಬಂದು ನೋಡ್ತೀಯಾ ಏನು?"

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ಹಿಂದಿನ ದಿನವೇ ಕಂಡಿದ್ದೆ. ಹೋದೆ. ಆ ಮನೆಯ ಕಿಟಕಿಯ ಗೋಣಿ ಆಗಲೇ ಕೆಳಗೆ ಬಿದ್ದಿತ್ತು. ಅರಿಸಿನದ ಬಟ್ಟಲು ಹೊರಗೆ ಪಡಸಾಲೆಯಲ್ಲಿ ಮುಚ್ಚಿಟ್ಟಿತ್ತು. ಅತ್ತಿಗೆ ಕೂಸನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ನಾನು ಮೂಗಿನ ಮೇಲೆ ಒತ್ತಿ ಬಿಟ್ಟೆ.

"ಏನ್ ಕಾಣ್ತದಮ್ಮಿ?"

"ಬೆಳ್ಳಗೇ ಅದೆ ಅತ್ಗೆ."

"ಸರ್ಯಾಗಿ ನೋಡು."

ಇನ್ನೊಂದು ಸಲ ಒತ್ತಿದೆ. "ಬೆಳ್ಳಗೇ ಅದೆ."

"ನಾಳೀಕೂ ಬಾ" ಅಂದಳು. "ನಾಡಿದ್ದೂ ಬಾ."